ಚಂದ್ರಿಕೆ ಕಟ್ಟಿದ ರೂಮು

ದನಿ ಬೆರೆಸುವ ಮಿಕ್ಸರ್ ಚೆನ್ನಾಗಿತ್ತು, ಮೈಕು ಎರಡೂ ಚೆನ್ನಾಗಿದ್ದವು. ಕೆಟ್ಟಿದ್ದೇನಿದ್ದರೂ ಹಾಡು ಹಿಡಿಯುವ ರೂಮು. ಶ್ರೀನಿವಾಸಪುರದ ವೆಂಕಟರಮಣಪ್ಪನಿಗೆ ಇಷ್ಟು ಅರ್ಥವಾಗುವ ಹೊತ್ತಿಗೆ ಎಂಬತ್ಮೂರನೇ ಇಸವಿಯ ಬೇಸಿಗೆ ಬಂದಿತ್ತು, ಹೆಂಡತಿ ಭಾರತಮ್ಮನ ತಾಳ್ಮೆ ಹೋಗಿತ್ತು.

ಹತ್ತಡಿಗೆ ಹತ್ತಡಿ, ಗಾರೆ ಗೋಡೆ, ಕಲ್ಲುಚಪ್ಪಡಿಯ ಸೂರು. ಒಬ್ಬ ಕೆಮ್ಮಿದರೆ ನಾಲ್ಕು ಜನ ಕೆಮ್ಮಿದ ಹಾಗಾಗುತ್ತಿತ್ತು. ಮದುವೆ ಮನೆಗಳಲ್ಲಿ ಹಾಡಿ ಹೆಸರಾದ ಸೋದರತ್ತೆ ಮುತ್ಯಾಲಮ್ಮನನ್ನು ಅಲ್ಲಿ ಕೂರಿಸಿ, ಒಂದು ಮೈಕಿನಲ್ಲಿ ಅವಳ ದನಿ, ಇನ್ನೊಂದರಲ್ಲಿ ಪಕ್ಕದ ಮನೆ ಕದಿರಪ್ಪನ ಹಾರ್ಮೋನಿಯಂ ಹಿಡಿದು, ಎರಡನ್ನೂ ಬೆರೆಸಿ ಕ್ಯಾಸೆಟ್ಟಿಗೆ ಇಳಿಸಿದ. ಅತ್ತೆ ಕೇಳಿದಳು. "ಯಾರೋ ಇವಳು? ಬಾವಿಗೆ ಬಿದ್ದೋಳ ಥರ ಕೂಗ್ತಾಳೆ. ನಾನಲ್ಲ ಬಿಡಪ್ಪಾ" ಎಂದು ಎದ್ದು ಹೋದಳು.

ಭಾರತಮ್ಮ ಕಾಯುತ್ತಿದ್ದದ್ದೇ ಇದಕ್ಕೆ. ಮೊದಲು ಅದು ಅವಳ ರೇಷ್ಮೆ ಹುಳುವಿನ ರೂಮು; ಈಗ ಹುಳುಗಳು ನಡುಮನೆಯಲ್ಲಿದ್ದವು. "ಇನ್ನೊಂದೇ ಒಂದ್ಸಲ ನೋಡಿ. ಇದು ನನ್ ದನೀನೇ ಅಂತ ಅತ್ತಮ್ಮ ಒಪ್ಕೊಂಡ್ರೆ ರೂಮು ನಿಮ್ದು. ಇಲ್ಲಾಂದ್ರೆ ಹುಳಕ್ಕೆ ಬಿಟ್ಕೊಡಿ" ಎಂದಳು.

ವೆಂಕಟರಮಣಪ್ಪನ ಮಾತು ನಡೆಯುವ ಜಾಗ ಹೊಲದಲ್ಲೂ ಇರಲಿಲ್ಲ, ಊರಲ್ಲೂ ಇರಲಿಲ್ಲ. ಇದ್ದದ್ದು ಆ ಹತ್ತಡಿಯಲ್ಲಿ ಮಾತ್ರ.

ಮಿಕ್ಸರ್ ಕಟ್ಟಿಕೊಟ್ಟಿದ್ದ ಮುಳಬಾಗಿಲಿನ ಇಮಾಮ್ ಸಾಬ್ ಹತ್ತಿರ ಓಡಿದ. "ಗೋಡೆ ನುಣ್ಣಗಿದ್ರೆ ಆವಾಜು ವಾಪಸ್ ಬರ್ತದೆ. ಒರಟು ಮಾಡಿ" ಎಂದರು ಸಾಬರು. ವೆಂಕಟರಮಣಪ್ಪ ಬೀದಿಯ ಸದ್ದು ನುಗ್ಗದಂತೆ ಮೊದಲು ಕಿಟಕಿಗೆ ಹಲಗೆ ಹೊಡೆದ. ಗೋಡೆಗೆ ಖಾಲಿ ರಾಗಿ ಚೀಲ ತೂಗುಹಾಕಿದ. ಅದರ ದೂಳಿಗೆ ಕದಿರಪ್ಪ ಒಂದು ಹಾಡಿಗೆ ಹನ್ನೊಂದು ಸಲ ಸೀನಿದ. ಚೀಲ ಬಿಚ್ಚಿದ ಮೇಲೆ ಕಣ್ಣಿಗೆ ಬಿದ್ದದ್ದು ಅಟ್ಟದ ಮೇಲಿದ್ದ ಚಂದ್ರಿಕೆಗಳು, ಹುಳು ಗೂಡು ಕಟ್ಟಲೆಂದು ಬಿದಿರು ಪಟ್ಟಿಯನ್ನು ಸುರುಳಿ ಸುತ್ತಿ ಮಾಡಿದ ಅಗಲವಾದ ತಟ್ಟಿಗಳು. ಹೆಂಡತಿ ಇಲ್ಲದ ಹೊತ್ತು ನೋಡಿ ಎಂಟನ್ನೂ ಗೋಡೆಗೆ ಓರೆಯಾಗಿ ಕಟ್ಟಿ ಚಪ್ಪಾಳೆ ತಟ್ಟಿದ. ಅರ್ಧ ಪ್ರತಿಧ್ವನಿ ಸತ್ತಿತ್ತು. ಆದರೂ ಗುಂಯ್ ಅನ್ನುವುದು ಪೂರ್ತಿ ಹೋಗಲಿಲ್ಲ.

ಭಾನುವಾರ ಮಧ್ಯಾಹ್ನ ಅತ್ತೆಯನ್ನು ಪುಸಲಾಯಿಸಿ ಕೂರಿಸಿದ್ದ. ಭಾರತಮ್ಮ ನುಗ್ಗಿ ಬಂದಳು.

"ಹುಳ ಹಣ್ಣಾಗ್ಬಿಟ್ಟಿದಾವೆ, ಗೂಡು ಕಟ್ಟೋಕೆ ನಿಂತಿದಾವೆ! ಬಿಚ್ಚಿ ಚಂದ್ರಿಕೆ!"

"ಒಂದು ಗಂಟೆ ತಡೀ ಕಣೇ."

"ಹಣ್ಣಾದ ಹುಳ ಗಂಟೆ ನೋಡ್ತದಾ? ಎಲ್ಲಂದ್ರಲ್ಲಿ ನೂಲು ಬಿಡ್ತಾವೆ."

"ಹಂಗಾದ್ರೆ ಇಲ್ಲಿಗೇ ತಂದು ಬಿಡು" ಎಂದುಬಿಟ್ಟ ವೆಂಕಟರಮಣಪ್ಪ. ಬಾಯಿಗೆ ಬಂದದ್ದು ಅಷ್ಟೇ.

ಭಾರತಮ್ಮ ಗೋಡೆ ನೋಡಿದಳು. "ಸರಿ. ಆದ್ರೆ ಕಿಟಕಿ ಬಾಗ್ಲು ತೆಗೀರಿ. ಗಾಳಿ ಆಡ್ದಿದ್ರೆ ಗೂಡು ಕೆಡ್ತವೆ."

ಮೊಳೆ ಕೀಳುತ್ತಾ, ಇನ್ನು ಬೀದಿಯ ಸದ್ದು ನುಗ್ಗುತ್ತದೆ, ರೂಮು ಹೋಯಿತೆಂದೇ ಅವನು ತೀರ್ಮಾನಿಸಿದ. ಭಾರತಮ್ಮ ಹುಳು ಆರಿಸಿ ಬಿಡತೊಡಗಿದಳು, ಅತ್ತೆ ಹಾಡತೊಡಗಿದಳು. ಮೇಲಿಂದ ಹುಳುವಿನ ಉಚ್ಚೆ ಕದಿರಪ್ಪನ ಬೋಳುತಲೆಗೆ ತೊಟ್ಟಿಕ್ಕಿತು. ಪಾಪ, ಅವನು ಶ್ರುತಿ ಬಿಡಲಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿದ್ದ ವೆಂಕಟರಮಣಪ್ಪ ಬೆರಗಾದ. ಗುಂಯ್ ಇಲ್ಲ! ಭಾನುವಾರ ಮಧ್ಯಾಹ್ನದ ಬೀದಿಯಲ್ಲೂ ಸದ್ದಿರಲಿಲ್ಲ. ಇಷ್ಟು ದಿನ ಹೊರಗೆ ಹೋಗಲು ದಾರಿಯಿಲ್ಲದೆ ಒಳಗೇ ಸುತ್ತುತ್ತಿದ್ದ ಸದ್ದು ಕಿಟಕಿಯಿಂದ ತೊಲಗಿತ್ತು. ಸಂತೋಷಕ್ಕೆ ಮೈಮರೆತು ಹಿಂದಿದ್ದ ಚಂದ್ರಿಕೆಗೆ ಒರಗಿದ.

"ಒರಗ್ಬೇಡ್ರೀ! ಕಣ್ಣೇನು ನೆತ್ತಿ ಮೇಲಿದಾವಾ? ಹುಳ ಬೀಳ್ತಾವೆ!"

ಭಾರತಮ್ಮನ ಆ ಬೈಗುಳವೂ ಕ್ಯಾಸೆಟ್ಟಿಗೆ ಇಳಿಯಿತು. ಇನ್ನೊಮ್ಮೆ ಹಾಡು ಅಂದರೆ, ಹುಳುವಿನ ಕೆಳಗೆ ಮತ್ತೆ ಕೂರಲಾರೆ ಎಂದಳು ಅತ್ತೆ.

ವೆಂಕಟರಮಣಪ್ಪ ಜಗಲಿಯಲ್ಲಿ ಟೇಪು ಹಾಕಿದ. ಅತ್ತೆ ಕಿವಿಗೊಟ್ಟು ಕೂತಳು. ಹಾಡಿನ ನಡುವೆ ಬೈಗುಳ ಬಂತು, ಖಣಖಣ ಅಂತ. ಹಾಡು ಮುಗಿಯಿತು.

"ನನ್ ದನಿ ನಂಗೇನ್ ಗೊತ್ತಪ್ಪಾ, ನಾನು ಎದುರಿಗೆ ಕೂತು ಕೇಳಿದೀನಾ?" ಎಂದಳು ಅತ್ತೆ. ವೆಂಕಟರಮಣಪ್ಪನ ಮುಖ ಬಾಡಿತು. "ಆದ್ರೆ ಬೈದೋಳು ಭಾರತೀನೇ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಅವಳ್ದು ಸರಿಯಿದ್ರೆ ನಂದೂ ನಂದೇ ಕಣೋ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇಷ್ಟು ಚೆಂದ ಹಾಡ್ತೀನೇನೋ ನಾನು?"

ಭಾರತಮ್ಮ ಮಾತ್ರ ಟೇಪ್‌ರೆಕಾರ್ಡರನ್ನೇ ದುರುಗುಟ್ಟಿ ನೋಡುತ್ತಿದ್ದಳು. "ಇದು ನಾನಾ? ನಾನು ಹಿಂಗ್ ಬೈತೀನೇನ್ರೀ?"

ಕದಿರಪ್ಪ ತಲೆ ಒರೆಸಿಕೊಂಡ. ವೆಂಕಟರಮಣಪ್ಪ ಹುಳು ನೋಡಿಬರುತ್ತೇನೆಂದು ಎದ್ದ. ರೂಮು ಈಗಷ್ಟೇ ಕೈಗೆ ಬಂದಿತ್ತು.