ಎರವಲು ರಸಮಟ್ಟ

ಚೈತ್ರ ಗಾರೆಯವರು ಮಟ್ಟ ನೋಡುವ ರಸಮಟ್ಟವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಗಂಡನ ತಿಥಿ ಮುಗಿದ ಮರುದಿನ. ಶಾಮಿಯಾನದವರು ಕಂಬ ಕಿತ್ತುಕೊಂಡು ಹೋಗಿದ್ದರು. ಹಾಲಿನವನು ಎಂದಿನಂತೆ ಬಂದು ಹೋಗಿದ್ದ. ಜಕ್ಕೂರಿನ ಪುಟ್ಟ ವಿಮಾನಗಳು ಆಗಲೇ ಮನೆಯ ಮೇಲೆ ಗುಂಯ್ ಎನ್ನುತ್ತಿದ್ದವು.

“ಎಲ್ಲಿಗ್ ಒರಟೆ?” ಅಡುಗೆಮನೆಯಿಂದ ಅತ್ತೆ ಗಂಗರತ್ನಮ್ಮ ಕೇಳಿದರು.

“ರಹಮತಣ್ಣಂಗೆ ಇದನ್ನ ಕೊಟ್ಟು ಬರ್ತೀನಿ.”

“ಕೊಡವ್ವ, ಕೊಡು. ನನ್ ಮಗಿನ್ ಜೊತೆ ಮಾತ್ರ ಕಳ್ಸಕ್ಕಾಗ್ಲಿಲ್ಲ ನಿಂಗೆ.”

*

ಚೈತ್ರಳ ಗಂಡ ಅನಂತರಾಜು ವೈರಿಂಗ್ ಕೆಲಸದವನು. ಮೂವತ್ತಾರನೇ ವಯಸ್ಸಿಗೆ ಬಂದ ಮಿದುಳು ಜ್ವರವೇನೋ ಇಳಿಯಿತು, ಅದು ಬಿಟ್ಟುಹೋದ ಫಿಟ್ಸ್ ನಿಲ್ಲಲಿಲ್ಲ. ಬಂದಾಗಲೆಲ್ಲ ನೆನಪನ್ನು ಒಂದಿಷ್ಟು ಕೆರೆದುಕೊಂಡು ಹೋಗುತ್ತಿತ್ತು. ಮೊದಲು ಗಿರಾಕಿಗಳ ಹೆಸರು, ಆಮೇಲೆ ಮನೆಯ ದಾರಿ, ಕೊನೆಗೆ ಚೈತ್ರ. ಅವಳನ್ನು “ಸಿಸ್ಟರ್” ಎಂದು ಕರೆಯುತ್ತಿದ್ದ.

ಫಿಟ್ಸ್ ಬರುವ ಮುಂಚೆ ಅವನಿಗೆ ನೆಲ ವಾಲಿದಂತಾಗುತ್ತಿತ್ತು. ಎದುರು ಸೈಟಿನಲ್ಲಿ ಗೋಡೆ ಕಟ್ಟುತ್ತಿದ್ದ ಗೆಳೆಯ, ಗಾರೆ ಮೇಸ್ತ್ರಿ ರಹಮತುಲ್ಲಾ ಒಮ್ಮೆ ರಸಮಟ್ಟ ತಂದು ನೆಲದ ಮೇಲಿಟ್ಟ.

“ನೋಡು ರಾಜು, ಗುಳ್ಳೆ ನಡೂಕೆ ನಿಂತೈತೆ. ನಿನ್ ಮನೆ ಎಲ್ಲೂ ವಾಲಿಲ್ಲ.”

“ಇದ್ ಇಲ್ಲೇ ಇರ್ಲಿ ಗುರು. ನಾಳೆ ಕೊಡ್ತೀನಿ.”

ಆ ನಾಳೆ ಅವನಿಗೆ ನೆನಪಾಗಲಿಲ್ಲ.

ಅಂದಿನಿಂದ ನೆಲ ವಾಲಿದಂತಾಗಿ ಅವನು ರಸಮಟ್ಟ ಇಟ್ಟು ಬಗ್ಗಿದನೆಂದರೆ ಚೈತ್ರ ಒಲೆ ಮೇಲೆ ಹಾಲಿದ್ದರೂ ಓಡಿ ಬರುತ್ತಿದ್ದಳು. ತಲೆ ನೆಲಕ್ಕೆ ಬಡಿಯದಂತೆ ಅಂಗೈ ಒಡ್ಡುತ್ತಿದ್ದಳು. ಒಂದು ಮಧ್ಯಾಹ್ನ ಬಂದ ಫಿಟ್ಸ್ ಬಿಡಲೇ ಇಲ್ಲ.

*

ಚಟ್ಟ ಎತ್ತುವ ಮುಂಚೆ ಅತ್ತೆಯ ತಂಗಿ ಮಾರಕ್ಕ ರಸಮಟ್ಟ ತಂದರು. ಸತ್ತವರಿಗೆ ಇಷ್ಟವಾದದ್ದನ್ನು ಅವರೊಡನೆ ಮಣ್ಣಿಗೆ ಹಾಕುವುದು ಆ ಮನೆಯ ರೂಢಿ.

“ಕೈಬುಡ್ದೆ ಇಟ್ಕಂಡಿದ್ದ. ಗುಂಡಿಗ್ ಆಕ್ಬುಡಿ, ಜೊತೇಲಿರ್ಲಿ.”

“ಬೇಡ ಚಿಕ್ಕಮ್ಮ. ಅದು ಅವರದ್ದಲ್ಲ.”

“ಏನ್ ಚಿನ್ನವಾ? ಒಸಾದು ತಕ್ಕೊಟ್ರಾಯ್ತು.”

“ಯಾರ ಸ್ಕ್ರೂಡ್ರೈವರ್ ತಂದ್ರೂ ಸಂಜೆಗೇ ವಾಪಸ್ ಕೊಡ್ತಿದ್ರು. ಜ್ಞಾಪಕ ಇದ್ದಿದ್ರೆ ಇದನ್ನೂ ಕೊಟ್ಟಿರೋರು.”

ಹಿಂದಿನಿಂದ ಯಾರೋ ಅಂದರು: “ಒಂದ್ ತೊಟ್ಟು ಕಣ್ಣೀರಿಲ್ಲ, ಗಾರೆ ಸಾಮಾನಿನ್ ಚಿಂತೆ ನೋಡು. ಓದಿರೋಳು ಕಣಮ್ಮ!”

ಗೇಟಿನ ಬಳಿ ನಿಂತಿದ್ದ ರಹಮತುಲ್ಲಾ ತಲೆಯ ಟವೆಲ್ ತೆಗೆದ. “ಹಾಕ್ಲಿ ಬಿಡಕ್ಕ. ನಂಗ್ ಬೇರೆ ಐತೆ.”

ಚೈತ್ರ ಮಾರಕ್ಕನ ಕೈಯಿಂದ ಅದನ್ನು ತೆಗೆದುಕೊಂಡು ಎದೆಗವಚಿ ನಿಂತಳು. ಚಟ್ಟ ಎದ್ದಿತು. ಅವಳು ಅದನ್ನು ಬಿಡಲಿಲ್ಲ.

*

ಅಲ್ಲಾಳಸಂದ್ರದ ಸೈಟಿನಲ್ಲಿ ಗೋಡೆ ಸೊಂಟದೆತ್ತರಕ್ಕೆ ಬಂದಿತ್ತು. ಅವಳನ್ನು ಕಂಡು ರಹಮತುಲ್ಲಾ ಕರಣೆ ಕೆಳಗಿಟ್ಟ.

“ಇವತ್ತೇ ತರ್ಬೇಕಿತ್ತಾ ಅಕ್ಕ?”

“ನಾಳೆ ಕೊಡ್ತೀನಿ ಅಂದಿದ್ರಲ್ಲ.”

ಅವನು ಎರಡೂ ಕೈಯಲ್ಲಿ ಇಸಿದುಕೊಂಡ. ಆಗಷ್ಟೇ ಕೂರಿಸಿದ್ದ ಇಟ್ಟಿಗೆಯ ಸಾಲಿನ ಮೇಲೆ ಅದನ್ನಿಟ್ಟು ಬಗ್ಗಿ ನೋಡಿದ.

ಗುಳ್ಳೆ ಅತ್ತಿತ್ತ ಜಾರಿ ನಡುವಿಗೆ ಬಂದು ನಿಂತಿತು.

ಅವನು ಬಗ್ಗಿದವನು ಹಾಗೇ ಉಳಿದ. ಅವನ ತಲೆಯ ಕೆಳಗೆ, ಹಸಿ ಗಾರೆಯ ಮೇಲೆ, ಚೈತ್ರಳ ಅಂಗೈ ಅಂಗಾತ ಚಾಚಿಕೊಂಡಿತ್ತು.