ನಿಂತಿದೆ

ಒಂದು ಸಲ ಮಿಸುಕಿತು, ನಿಂತಿತು, ಕಂಪ್ಯೂಟರಿನ ಫ್ಯಾನು, ಕಾಲು ಸುತ್ತೂ ತಿರುಗಲಿಲ್ಲ, ಮತ್ತೆ ಗುಂಡಿ ಒತ್ತಿದರೆ ಮತ್ತೆ ಅಷ್ಟೇ, ನಿದ್ದೆಯಲ್ಲಿದ್ದವರನ್ನು ತಟ್ಟಿದರೆ ಹೂಂ ಅಂದು ಮಗ್ಗುಲು ಬದಲಿಸುತ್ತಾರಲ್ಲ, ಹಾಗೆ — ಅದರೊಳಗಿನ ಪವರ್ ಸಪ್ಲೈ ಪೆಟ್ಟಿಗೆ ಹೋಗಿದೆ, ಅಷ್ಟು ನನಗೆ ಅಂಗಡಿ ಬಾಗಿಲಲ್ಲೇ ಗೊತ್ತಾಗಿತ್ತು, ಎದುರು ಕಟ್ಟಡದ ಹಲ್ಲಿನ ಡಾಕ್ಟರಮ್ಮ ಕಂಪ್ಯೂಟರನ್ನು ಕೂಸಿನ ಹಾಗೆ ಎತ್ತಿಕೊಂಡು ಬಂದು, ನಾಲ್ಕು ಗಂಟೆಗೆ ಬೇಕೇ ಬೇಕು, ಎಕ್ಸ್‌ರೇ ಎಲ್ಲ ಇದ್ರಲ್ಲೇ ಇದೆ, ಬಾಯಿ ತೆಗೆದು ಕೂತವ್ರಿಗೆ ನಾನೇನು ಹೇಳ್ಲಿ ಅಂದಾಗ. ನಾನು ಆಯ್ತು ಎನ್ನುವಷ್ಟರಲ್ಲಿ ಅಣ್ಣ ಒಳಗಿನಿಂದ ಬಂದ, ಇಲ್ಲಿಡಿ, ನಾನು ನೋಡ್ತೀನಿ ಅಂದುಬಿಟ್ಟ. ಹನ್ನೊಂದು ತಿಂಗಳಿಂದ ಆ ಮಾತು ಅವನ ಬಾಯಲ್ಲಿ ಬಂದಿರಲಿಲ್ಲ. ಡಾಕ್ಟರಮ್ಮ ಹೋದಳು, ಅವನು ತನ್ನ ಹಳೆಯ ಕುರ್ಚಿ ಎಳೆದುಕೊಂಡ, ನನ್ನ ಮುಖ ನೋಡದೆ ಹೇಳಿದ, ಇದೊಂದು ಮಾಡ್ತೀನಿ ಗುಬ್ಬಿ, ಆಗ್ಲಿಲ್ಲ ಅಂದ್ರೆ ಮೇಜು ನೀನೇ ಇಟ್ಕೋ, ನಾನಿನ್ನು ಇದರ ತಂಟೆಗೆ ಬರೋದಿಲ್ಲ. ಅಡುಗೆಮನೆಯಲ್ಲಿ ಪಾತ್ರೆಯೊಂದು ದಡ್ ಎಂದು ಬಿತ್ತು, ಬೀಳಲಿಲ್ಲ, ಅತ್ತಿಗೆ ಕುಕ್ಕಿದ್ದು, ಅವಳು ಬಾಯಿ ಬಿಟ್ಟು ಏನೂ ಹೇಳುವುದಿಲ್ಲ, ಪಾತ್ರೆಗಳ ಕೈಯಲ್ಲಿ ಹೇಳಿಸುತ್ತಾಳೆ.

ಸುಮ್ಮನೆ ಕೂತಿರು ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ, ಮೂಗು ತೂರಿಸಬೇಡ, ಅವನು ಪವರ್ ಸಪ್ಲೈಯನ್ನು ಹೊರಗೆ ತೆಗೆದಿಟ್ಟು, ತಂತಿಯ ತುಂಡೊಂದನ್ನು ಬಗ್ಗಿಸಿ ಅದರ ಹಸಿರು ವೈರಿನಿಂದ ಕಪ್ಪು ವೈರಿಗೆ ಚುಚ್ಚುತ್ತಿದ್ದಾನೆ, ಎಡಗೈಯಲ್ಲಿ ಚುಚ್ಚುತ್ತಿದ್ದಾನೆ, ಬಲಗೈ ತೋರುಬೆರಳು ಸುಮ್ಮನೆ ಪಕ್ಕದಲ್ಲಿ ನೆಟ್ಟಗೆ ನಿಂತಿದೆ, ಕೆಲಸ ಕಲಿಯಲು ಬಂದು ಮೂಲೆಯಲ್ಲಿ ನಿಂತವನಂತೆ, ಆ ಬೆರಳಿಗೆ ಬಿಸಿ ತಂಪು ಏನೂ ತಿಳಿಯುವುದಿಲ್ಲ — ಮದರ್‌ಬೋರ್ಡಿನದಲ್ಲ ತಪ್ಪು, ನೋಡು, ಒಂಟಿಯಾಗಿ ಬಿಟ್ರೂ ಬರೀ ಮಿಸುಕ್ತಾ ಇದೆ, ಅಂದ, ಹೂಂ ಅಂದೆ, ನೇರಳೆ ವೈರಿಗೆ ಮೀಟರ್ ಹಿಡಿದ, ಐದು ವೋಲ್ಟ್ ಇರಬೇಕಾದಲ್ಲಿ ಮೂರೂವರೆ, ಮೂರು, ಮೂರೂ ಕಾಲು, ಅಂಕಿ ನಡುಗುತ್ತಿದೆ. ಸ್ಟ್ಯಾಂಡ್‌ಬೈ ವೋಲ್ಟೇಜೇ ಕುಸಿದಿದೆ, ಒಳಗೊಂದು ಕೆಪಾಸಿಟರ್ ಹೊಟ್ಟೆ ಉಬ್ಬರಿಸಿಕೊಂಡು ಕೂತಿರತ್ತೆ, ಬಿಚ್ಚೋಣ. ಬಿಚ್ಚೋಣ ಅಂದ, ಅಷ್ಟು ಸಲೀಸಾಗಿ, ನಾನು ನನ್ನ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡೆ, ಏಕೆಂದರೆ ಕೆಟ್ಟ ಪವರ್ ಸಪ್ಲೈ ಒಳ್ಳೆಯದಕ್ಕಿಂತ ಅಪಾಯ, ಒಳ್ಳೆಯದಾದರೆ ಪ್ಲಗ್ ಕಿತ್ತ ಮೇಲೆ ತನ್ನೊಳಗಿನದನ್ನು ತಾನೇ ಖಾಲಿ ಮಾಡಿಕೊಳ್ಳುತ್ತದೆ, ಕೆಟ್ಟದ್ದು ಮಾಡಿಕೊಳ್ಳುವುದಿಲ್ಲ, ದೊಡ್ಡ ಕೆಪಾಸಿಟರಿನಲ್ಲಿ ಮುನ್ನೂರು ವೋಲ್ಟ್ ಹಾಗೇ ನಿಂತಿರುತ್ತದೆ.

ನಿಂತಿರುತ್ತದೆ. ಬೇರೆ ಪದವೇ ಇರಲಿಲ್ಲವೇ ನಮಗೆ, ಉಳಿದಿದೆ, ತುಂಬಿದೆ, ಇದೆ, ಏನಾದರೂ ಅನ್ನಬಹುದಿತ್ತು, ಆದರೆ ಈ ಅಂಗಡಿಯಲ್ಲಿ ಮೊದಲಿಂದಲೂ ಹಾಗೇ, ಗುಂಡಿಯಲ್ಲಿ ನೀರು ನಿಂತ ಹಾಗೆ ಕೆಪಾಸಿಟರಿನಲ್ಲಿ ಕರೆಂಟು ನಿಲ್ಲುವುದು, ಅವನೇ ಕಲಿಸಿದ್ದು, ಮತ್ತು ಹನ್ನೊಂದು ತಿಂಗಳ ಹಿಂದಿನ ಆ ದಿನ ಅವನು ಮೇಜಿನ ಕೆಳಗೆ ಪ್ಲಗ್ಗಿಗೆ ಬಗ್ಗಿದ್ದ, ಅಲ್ಲಿಂದಲೇ ಕೇಳಿದ, ನಿಂತಿದ್ಯಾ, ನಾನು ಮೀಟರ್ ನೋಡಿದೆ, ಮುನ್ನೂರ ಹದಿನಾಲ್ಕು, ಇನ್ನೊಂದು ಕೈಯಲ್ಲಿ ಫೋನು, ಯಾರೋ ಪ್ರಿಂಟರಿನ ಇಂಕ್ ಕೇಳುತ್ತಿದ್ದರು, ನಿಂತಿದೆ ಅಂದೆ. ಅವನು ಕೇಳಿದ್ದು ಕರೆಂಟು ನಿಂತುಹೋಯಿತೇ ಎಂದು. ನಾನು ಹೇಳಿದ್ದು ಇನ್ನೂ ಅಲ್ಲೇ ನಿಂತಿದೆ ಎಂದು. ಎದ್ದ, ನಗುತ್ತಲೇ ಎದ್ದ, ಬೆರಳು ಒಳಗೆ ಹಾಕಿದ, ಸದ್ದು ಸಣ್ಣದು, ಕಡ್ಡಿ ಮುರಿದಷ್ಟು, ಕೈ ಹಿಂದಕ್ಕೆ ಸಿಡಿದು ಪೆಟ್ಟಿಗೆಯ ತಗಡಿನ ಅಂಚಿಗೆ ಸಿಕ್ಕಿಕೊಂಡು ತೋರುಬೆರಳಿನ ನರ ಕತ್ತರಿಸಿಹೋಯಿತು — ಆಸ್ಪತ್ರೆಯಲ್ಲಿ ಅತ್ತಿಗೆ ನನ್ನ ಭುಜ ಹಿಡಿದು ಅಲುಗಾಡಿಸಿದಳು, ನೀನು ಅಲ್ಲೇ ಇದ್ಯಲ್ಲೇ, ಏನಾಯ್ತು ಹೇಳೇ, ನಾನು ಬಾಯಿ ತೆರೆದೆ, ಮಂಚದ ಮೇಲಿನಿಂದ ಅವನು ಅಂದ, ಅವಳನ್ನೇನು ಕೇಳ್ತೀಯ, ನನ್ನದೇ ಆತುರ. ನಾನು ಬಾಯಿ ಮುಚ್ಚಿದೆ. ಅಂದಿನಿಂದ ಎಲ್ಲರ ಬಾಯಲ್ಲೂ ಅದೇ, ಪಾಪ, ಆತುರದ ಮನುಷ್ಯ, ಆತುರಪಟ್ಟು ಕೈ ಕಳ್ಕೊಂಡ, ಮೂವತ್ತು ವರ್ಷ ಒಂದು ಸ್ಕ್ರೂ ಕೂಡ ಆತುರದಲ್ಲಿ ತಿರುಗಿಸದ ಮನುಷ್ಯ, ಮತ್ತು ನಾನು ತಲೆದೂಗುತ್ತೇನೆ, ಹೌದು ಅನ್ನುತ್ತೇನೆ, ನಾಚಿಕೆಯಾಗುತ್ತದೆ, ಆದರೂ ಅನ್ನುತ್ತೇನೆ. ಅವನಿಗೆ ತಾನೇ ತಪ್ಪು ಕೇಳಿಸಿಕೊಂಡೆ ಅನಿಸಿದೆಯೋ, ನಾನು ಮೀಟರ್ ನೋಡಲೇ ಇಲ್ಲ ಅನಿಸಿದೆಯೋ, ಅಥವಾ ಆ ಹೊಡೆತಕ್ಕೆ ಎಲ್ಲ ಮರೆತೇ ಹೋಗಿದೆಯೋ, ಕೇಳುವ ಧೈರ್ಯ ನನಗಿಲ್ಲ. ಮರೆತಿರಲಿ ಎಂದು ಬೇಡಿಕೊಂಡಿದ್ದೂ ಉಂಟು.

ಪ್ಲಗ್ ಕಿತ್ತಿದ್ದಾನೆ, ನಾನು ಎರಡು ಸಲ ನೋಡಿದೆ, ವೈರು ನೆಲದ ಮೇಲೆ ಬಿದ್ದಿದೆ. ಮುಚ್ಚಳದ ನಾಲ್ಕು ಸ್ಕ್ರೂ, ಧೂಳಿನ ವಾಸನೆ, ಸುಟ್ಟ ಅಂಟಿನ ವಾಸನೆ, ಅಗೋ ಅಲ್ಲಿ ಉಬ್ಬಿದ ಚಿಕ್ಕದು, ಹೇಳಿದ್ನಲ್ಲ, ಅವನ ದನಿಯಲ್ಲಿ ಹಳೆಯ ಗತ್ತು ಒಂದು ಕ್ಷಣ ಬಂದು ಹೋಯಿತು, ಬೋರ್ಡನ್ನು ಅಂಚು ಹಿಡಿದು ಎತ್ತಿ ಓರೆ ಮಾಡಿ ನಿಲ್ಲಿಸಿದ, ದೊಡ್ಡ ಕೆಪಾಸಿಟರಿನ ಎರಡು ಕಾಲಿಗೆ ಮೀಟರಿನ ಕ್ಲಿಪ್ ಕಚ್ಚಿಸಿದ, ಖಾಲಿ ಮಾಡಲು ಬಲ್ಬ್ ತೆಗೆದುಕೊಂಡ, ವೈರು ಕಟ್ಟಿದ ಹಳೆಯ ನೂರು ವ್ಯಾಟಿನ ಬಲ್ಬು, ಬಲಗೈಯಲ್ಲಿ ಯಾಕೆ ತೆಗೆದುಕೊಂಡೆ ಅಣ್ಣ, ಜಾರಿತು, ಜಾರಿದ್ದು ಅವನಿಗೆ ತಿಳಿಯಲೂ ಇಲ್ಲ, ನೆಲದ ಮೇಲೆ ಟಪ್ಪೆಂದಿತು. ಒಳಗೆ ಪಾತ್ರೆಗಳ ಸದ್ದು ನಿಂತುಹೋಯಿತು. ಏನದು, ಒಳಗಿನಿಂದ ಅತ್ತಿಗೆ. ಏನಿಲ್ಲ ಕಣೆ, ಬಲ್ಬು. ಇನ್ನೊಂದಿಲ್ಲ, ಮನೆತುಂಬ ಎಲ್‌ಇಡಿ ಹಾಕಿಸಿ ಬೀಗಿದ್ದೇ ಬೀಗಿದ್ದು, ಅವು ಇದಕ್ಕೆ ಬರುವುದಿಲ್ಲ. ನಾನ್ ಮಾಡ್ಲಾ ಅಂದೆ, ಬೇಡ ಅಂದ, ಡಬ್ಬಿ ಕೆದಕಿ ದಪ್ಪ ರೆಸಿಸ್ಟರ್ ಒಂದನ್ನು ಇಕ್ಕಳದಲ್ಲಿ ಹಿಡಿದ, ಇದ್ರಲ್ಲಿ ಖಾಲಿಯಾಗೋದು ನಿಧಾನ, ಎರಡೂ ಕೈ ಬೇಕು ನಂಗೆ, ಮೀಟರ್ ನಿನ್ನ ಕಡೆ ತಿರುಗಿಸ್ಕೋ. ತಿರುಗಿಸಿಕೊಂಡೆ. ಮುನ್ನೂರ ಒಂಬತ್ತು. ಕೇಳುತ್ತಾನೆ, ಈಗ ಅದನ್ನೇ ಕೇಳುತ್ತಾನೆ, ನಾನು ಯಾವ ಪದ ಹೇಳಲಿ, ಇದೆ ಅನ್ನಲೇ, ಇಲ್ಲ ಅನ್ನಲೇ, ಬೇಡ ಅಂದರೆ ಬಾ ಅಂತ ಕೇಳಿಸಿದರೆ, ಅವನು ಬೋರ್ಡಿನಿಂದ ಕಣ್ಣು ಎತ್ತದೆ, ಮೆಲ್ಲಗೆ, ಅತ್ತಿಗೆಗೆ ಕೇಳಿಸದಷ್ಟು ಮೆಲ್ಲಗೆ ಅಂದ, ಈ ಸಲ ನಿಂತಿದೆ ಅನ್ಬೇಡ ಗುಬ್ಬಿ. ಅಂಕಿ ಹೇಳು.

ಗೊತ್ತಿತ್ತು. ಗೊತ್ತಿತ್ತು ಅವನಿಗೆ, ಮಂಚದ ಮೇಲೆ ಮಲಗಿದ್ದಾಗಲೂ, ಜನ ಬಂದು ಲೊಚಗುಟ್ಟಿ ಹೋದಾಗಲೂ, ನಾನು ಎದುರಿಗೇ ತಲೆದೂಗಿದಾಗಲೂ, ಹನ್ನೊಂದು ತಿಂಗಳು ಹೊಟ್ಟೆಯಲ್ಲಿ ಇಟ್ಟುಕೊಂಡು — ರೆಸಿಸ್ಟರನ್ನು ಕೆಪಾಸಿಟರಿನ ಕಾಲುಗಳಿಗೆ ಒತ್ತಿ ಹಿಡಿದ, ಹೇಳೇ, ಎಷ್ಟು, ಇನ್ನೂರ ಅರವತ್ತು ಅಂದೆ, ಇನ್ನೂರ ಹತ್ತು, ನೂರ ಎಪ್ಪತ್ತು, ಕಣ್ಣು ಮಂಜಾಗುತ್ತಿದೆ, ಮಂಜಾಗಬಾರದು, ಒರೆಸಿಕೊಳ್ಳಲು ಕೈ ಎತ್ತಿದರೆ ಒಂದು ಅಂಕಿ ತಪ್ಪಿಹೋದೀತು, ನೂರು, ಅರವತ್ತು, ನಲವತ್ತು, ಇಪ್ಪತ್ತೆರಡು, ಅವನು ಹೂಂ ಹೂಂ ಅನ್ನುತ್ತಿದ್ದಾನೆ, ಒಂಬತ್ತು, ಐದು, ಎರಡು. ಎರಡು ಅಂದರೆ ಎರಡೇನಾ, ಇನ್ನೂರನ್ನು ನಾನು ಎರಡು ಅಂತ ಓದುತ್ತಿಲ್ಲ ತಾನೆ, ಚುಕ್ಕೆ ಎಲ್ಲಿದೆ, ಕ್ಲಿಪ್ ಕಳಚಿಲ್ಲ ತಾನೆ, ಇಲ್ಲ, ಕಚ್ಚಿದೆ, ಎರಡೂ ಕಚ್ಚಿವೆ, ಎರಡು ವೋಲ್ಟ್ ಅಣ್ಣ, ಬರೀ ಎರಡು. ನೀನೇ ಒಂದ್ಸಲ ನೋಡಿಬಿಡು ಅಂದೆ. ಮೀಟರನ್ನು ಅವನ ಕಡೆ ತಿರುಗಿಸಿದೆ. ಅವನು ನೋಡಲಿಲ್ಲ. ಇಕ್ಕಳ ಕೆಳಗಿಟ್ಟ, ಬಲಗೈಯನ್ನೇ ಮುಂದೆ ತಂದ, ಎಡಗೈಯಲ್ಲ, ಬಲಗೈ, ಏನೂ ತಿಳಿಯದ ಆ ಬೆರಳು, ಇಳಿಯುತ್ತಿದೆ, ದೊಡ್ಡ ಕೆಪಾಸಿಟರಿನ ಬೆಸುಗೆಯ ಎರಡು ಚುಕ್ಕಿಗಳ ಮೇಲೆ ಬೆರಳು, ಇಟ್ಟ, ಬೆರಳು, ಅಲ್ಲೇ ಇದೆ, ಬೆರಳು ಅಲ್ಲೇ ಇದೆ.