ತಾಳ ಏರುವ ಜಾಗ

ಹಾಡು ಮುಗಿದಿತ್ತು. ತಮ್ಮ ಮಾತ್ರ ಎಡಮೊಣಕೈಯ ಒಳಮಗ್ಗುಲನ್ನು ಕೆರೆಯುತ್ತಲೇ ಇದ್ದ. ಡ್ರಮ್ಮುಗಳ ಹಿಂದೆ ಕೂತಿದ್ದ ಅಕ್ಕ ಅದನ್ನು ನೋಡಿದಳು. ನೋಡಿಯೂ ನೋಡದವಳಂತೆ ಕೋಲುಗಳನ್ನು ತೊಡೆಗೆ ಒರೆಸಿಕೊಂಡಳು.

ಗಾಜಿನಾಚೆಯಿಂದ ರೆಕಾರ್ಡಿಂಗ್ ಮಾಡುವವನ ದನಿ ಸ್ಪೀಕರಿನಲ್ಲಿ ಬಂತು. "ಚೆನ್ನಾಗಿದೆ ಸಾರ್. ಆದ್ರೆ ತಾಳ ಏರುತ್ತಲ್ಲ, ಅಲ್ಲಿ ಹಳೇ ಕಿಚ್ಚು ಬರ್ಲಿಲ್ಲ. ಇನ್ನೊಂದ್ಸಲ?"

"ಹಳೇ ಕಿಚ್ಚು ಬೇಕಂದ್ರೆ ಹಳೇ ಸೊಂಟಾನೂ ಹುಡುಕ್ಕೊಡಪ್ಪ," ಎಂದ ಬೇಸ್ ಗಿಟಾರಿನ ಗೂಬೆ. ಹಗಲೆಲ್ಲ ತೂಕಡಿಸುತ್ತಿದ್ದವನಿಗೆ ತಂಡದವರು ಇಟ್ಟ ಹೆಸರದು. ಅಕ್ಕ ನಕ್ಕಳು. ತಮ್ಮ ನಗಲಿಲ್ಲ.

ಈ ಹಾಡು ಕಟ್ಟಿದಾಗ ಅವನಿಗಿನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ. ಈಗ ತಲೆ ಅರ್ಧ ನರೆತಿದೆ. ಒಂದಿಡೀ ತಲೆಮಾರು ಅದನ್ನು ಪ್ರೇಮಗೀತೆ ಎಂದೇ ಗುನುಗಿಕೊಂಡು ಬೆಳೆದಿತ್ತು. "ಒಳಗೆ ಬಾ, ಬಾಗಿಲು ಹಾಕು, ಕರೆದವರಿಗೆಲ್ಲ ನಾನಿಲ್ಲ ಅನ್ನು" ಎಂಬ ಸಾಲಿಗೆ ಎಷ್ಟೋ ಜೋಡಿಗಳು ಕೈ ಕೈ ಹಿಡಿದು ಕುಣಿದಿದ್ದವು. ಅಲ್ಲಿ ಕರೆಸಿಕೊಳ್ಳುತ್ತಿದ್ದುದು ಹುಡುಗಿಯಲ್ಲ, ಸೂಜಿಯಿಂದ ರಕ್ತಕ್ಕಿಳಿಯುವ ಪುಡಿ. ಇದು ಅಕ್ಕನಿಗೂ ಗೊತ್ತಾದದ್ದು ಅವನನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದ ದಿನವೇ. ಆ ಹೊತ್ತಿಗೆ ಹಾಡು ಎಲ್ಲರ ಬಾಯಲ್ಲಿತ್ತು.

ಅದು ಒಂಟಿ ತಂತಿಯ ಮೀಟಿನಿಂದ ಶುರುವಾಗುತ್ತಿತ್ತು. ಡ್ರಮ್ಮು ಎದೆಬಡಿತದಂತೆ ಮೆಲ್ಲಗೆ ಬಂದು ಸೇರುತ್ತಿತ್ತು. ತಾಳ ಏರಿ, ಇನ್ನಷ್ಟು ಏರಿ, ಇನ್ನು ತಡೆಯಲಾಗದು ಎನ್ನುವಾಗ ಎಲ್ಲವೂ ಒಮ್ಮೆಗೇ ನಿಲ್ಲುತ್ತಿತ್ತು. ಆ ಮೌನದಲ್ಲಿ ತಮ್ಮನ ಒಂದು ಉದ್ದನೆಯ ನಿಟ್ಟುಸಿರು. ಕೊನೆಗೆ ಮತ್ತೆ ಅದೇ ತಂತಿ, ಮೊದಲಿಗಿಂತ ಬಡವಾಗಿ. ತಮ್ಮ ಪುಡಿ ಬಿಟ್ಟು ವರ್ಷಗಳಾದ ಮೇಲೆ, ಈಗ ಹಳೆಯ ತಂಡದವರೆಲ್ಲ ಕೂಡಿ ಹಾಡನ್ನು ಹೊಸದಾಗಿ ಧ್ವನಿಮುದ್ರಿಸಲು ಬಂದಿದ್ದರು.

ಮತ್ತೆ ಶುರು ಮಾಡಿದರು. ತಾಳ ಏರುವ ಜಾಗ ಹತ್ತಿರವಾದಂತೆ ಅಕ್ಕ ತಮ್ಮನ ಮುಖ ನೋಡಿದಳು. ರೆಪ್ಪೆಗಳು ಅರ್ಧ ಇಳಿದಿದ್ದವು, ದವಡೆ ಸಡಿಲವಾಗಿತ್ತು. ಪುಡಿ ಏರಿದಾಗಿನ ಈ ಮುಖ ಅವಳಿಗೆ ಚೆನ್ನಾಗಿ ಗೊತ್ತು. ಅವಳ ಕೈ ತಾಳವನ್ನು ಏರಿಸಲಿಲ್ಲ. ಅವನು ಗಿಟಾರನ್ನು ಮುಂದಕ್ಕೆ ಜಗ್ಗಿದ, ಅವಳು ಬಿಡಲಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಗಿ ಹಾಡು ನಡುವೆಯೇ ಮುರಿದುಬಿತ್ತು.

"ಏನಕ್ಕ ಇದು?"

"ಏರ್ಸೋಕೆ ಕೈ ಬರ್ತಿಲ್ಲ."

"ಹಾಡಿರೋದೇ ಹಂಗೆ!"

"ಹಾಡು ಹಂಗಿರ್ಲಿ. ನೀನು ಹಂಗಾಗ್ಬೇಡ."

ಅವನು ಗಿಟಾರನ್ನು ಕುರ್ಚಿಗೆ ಒರಗಿಸಿ ಹೊರಗೆ ನಡೆದ. ಓಣಿಯ ಕೊನೆಯಲ್ಲಿ ಬಚ್ಚಲಿನ ಚಿಲಕ ಬಿದ್ದ ಸದ್ದಾಯಿತು.

ಗೂಬೆಗೆ ತೂಕಡಿಕೆ ಹಾರಿಹೋಗಿತ್ತು. "ಬೇಗ ಹೋಗು," ಎಂದ ತಗ್ಗಿದ ದನಿಯಲ್ಲಿ. "ಬೆಳಿಗ್ಗೆ ಗೇಟ್ ಹತ್ರ ಒಬ್ಬ ಅಭಿಮಾನಿ ಅವನ ಕೈ ಕುಲುಕಿದ. ಆಗ್ಲಿಂದ ಜೇಬು ಮುಟ್ಟಿ ಮುಟ್ಟಿ ನೋಡ್ಕೋತಿದಾನೆ."

ಅಕ್ಕ ಓಡಿದಳು. ಒಳಗೆ ನಲ್ಲಿ ಸುರಿಯುತ್ತಿತ್ತು.

"ಬಾಗ್ಲು ತೆಗಿಯೋ, ಪುಟ್ಟ."

ಹಿಂದೊಮ್ಮೆ ಇಂಥದೇ ಬಾಗಿಲನ್ನು ಭುಜದಿಂದ ಗುದ್ದಿ ಮುರಿದಾಗ ಅವನು ತುಟಿ ನೀಲಿಯಾಗಿ ಬಿದ್ದಿದ್ದ. ಗುದ್ದಲು ಎತ್ತಿದ ಭುಜವನ್ನು ಅವಳು ಇಳಿಸಿದಳು. "ಜೇಬಲ್ಲೇನಿದೆ?"

"ಪೊಟ್ಟಣ." ಅವನೇ ಮುಂದುವರಿಸಿದ. "ಎಲ್ರೂ ಹಾಡು ಚೆನ್ನಾಗಿದೆ ಅಂತಾರೆ ಅಕ್ಕ. ಗೇಟ್ ಹತ್ರ ಇವನೊಬ್ಬ ಹುಡ್ಗ ಬಂದು, 'ಅಣ್ಣ, ಎಲ್ಲಾ ನಿಂತ್ಹೋಗುತ್ತಲ್ಲ ಆ ಜಾಗ, ಅದು ನಿಜ್ವಾಗ್ಲೂ ಹಂಗೇ ಇರುತ್ತೆ' ಅಂದ. ಅದನ್ನ ಕೇಳ್ಕೊಂಡೇ ಪುಡಿ ಶುರು ಮಾಡಿದ್ನಂತೆ. ಥ್ಯಾಂಕ್ಸ್ ಅಂದ, ಅಕ್ಕ. ಥ್ಯಾಂಕ್ಸ್ ಅಂದ ನಂಗೆ!"

ಅವಳು ಹಣೆಯನ್ನು ಬಾಗಿಲಿಗೆ ಆನಿಸಿದಳು.

"ಹಾಡು ಅಲ್ಲಿಗೇ ಮುಗಿಯುತ್ತಲ್ಲೋ. ನಿನ್ನ ಬಾಯಿಗೆ ಬೆರಳಿಟ್ಟು ವಾಂತಿ ತೆಗ್ದಿದ್ದು ಅದ್ರಲ್ಲಿಲ್ಲ. ಅಮ್ಮ ಆಸ್ಪತ್ರೆ ಬೆಂಚಿನ ಮೇಲೆ ನಿನ್ನ ಬೂಟು ಅಪ್ಕೊಂಡು ಕೂತಿದ್ಲು. ಯಾರಾದ್ರೂ ಇಸ್ಕೊಳ್ಳೋಕೆ ಹೋದ್ರೆ ಕೊಡ್ತಿರ್ಲಿಲ್ಲ. ಅದೂ ಇಲ್ಲ. ಆ ಹುಡ್ಗ ಇನ್ನೂ ಅರ್ಧ ಹಾಡು ಮಾತ್ರ ಕೇಳಿದಾನೆ, ಪುಟ್ಟ. ಮಿಕ್ಕಿದ್ದು ಅವನಿಗೆ ಯಾರು ಹೇಳ್ತಾರೆ? ನೀನು ಒಳಗೇ ಉಳ್ಕೊಂಡ್ರೆ ಯಾರು ಹೇಳ್ತಾರೆ?"

ನಲ್ಲಿ ನಿಂತಿತು. ಅದು ನಿಂತದ್ದಕ್ಕೇ ಅವಳಿಗೆ ಭಯ ಹೆಚ್ಚಾಯಿತು. ಕಿವಿಗೊಟ್ಟಳು. ಕಾಗದ ಬಿಚ್ಚುವ ಸಣ್ಣ ಸದ್ದು. ಬಾಗಿಲಿನ ಚೌಕಟ್ಟನ್ನು ಅವುಚಿಕೊಂಡಳು.

ಕಮೋಡಿನ ನೀರು ಧೋ ಎಂದು ಇಳಿಯಿತು.

ಚಿಲಕ ಸರಿಯಿತು. ಅವನ ಅಂಗಿಯ ಮುಂಭಾಗವೆಲ್ಲ ತೊಯ್ದಿತ್ತು. ಎರಡೂ ಜೇಬುಗಳ ಒಳಬಟ್ಟೆಯನ್ನು ನಾಲಗೆಯಂತೆ ಹೊರಗೆಳೆದುಕೊಂಡಿದ್ದ. ಅಂಗೈಯಲ್ಲಿ ಒದ್ದೆಯಾದ ಖಾಲಿ ಕಾಗದವಿತ್ತು.

"ಆ ಹುಡ್ಗನ ಉಗುರೆಲ್ಲ ಕಪ್ಪಾಗಿದ್ವಕ್ಕ," ಎಂದ. "ನಾಳೆನೂ ಗೇಟ್ ಹತ್ರ ಬರ್ತಾನಂತೆ."

"ಬರ್ಲಿ. ಇಬ್ರೂ ಹೋಗೋಣ."

ಅವತ್ತು ಮತ್ತೆ ಯಾರೂ ವಾದ್ಯ ಮುಟ್ಟಲಿಲ್ಲ. ರೆಕಾರ್ಡಿಂಗ್ ಮಾಡುವವನು ಏನೋ ಕೇಳಲು ಬಂದವನು ಇವರ ಮುಖ ನೋಡಿ ಹಿಂದಿರುಗಿದ. ಗೂಬೆ ಎಲ್ಲಿಂದಲೋ ಬಿಸಿ ಚಹಾ ತಂದು ಕೊಟ್ಟ. ತಮ್ಮ ಲೋಟ ಹಿಡಿದಾಗ ಚಹಾ ಅಂಚಿಗೆ ತುಳುಕಿತು. ಅಕ್ಕ ತನ್ನ ಅಂಗೈಯನ್ನು ಲೋಟದ ಬುಡಕ್ಕೆ ಒಡ್ಡಿದಳು. ಚಹಾದ ಹಬೆ ಇಬ್ಬರ ಮುಖದ ನಡುವೆ ಏಳುತ್ತಿತ್ತು. ಅದು ಆರುವವರೆಗೂ ಇಬ್ಬರೂ ಹಾಗೆಯೇ ನಿಂತಿದ್ದರು.